ಹಳೆಯ ಹತಾರಗಳ ಗುರುತು ಹಿಡಿಯುವ ಬಗೆ

ಹಳೆಯ ತೊಟ್ಟಿಮನೆಯನ್ನು ಕೆಡವುವಾಗ, ಆಸ್ತಿ ಪಾಲಾಗುವಾಗ ಅಥವಾ ಸೋರುವ ಹೆಂಚನ್ನು ಬದಲಿಸಲು ಅಟ್ಟವನ್ನು ಖಾಲಿ ಮಾಡುವಾಗ, ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತೆಂದು ಮನೆಯವರಲ್ಲಿ ಯಾರಿಗೂ ತಿಳಿಯದ ನಾಲ್ಕಾರು ಹತಾರಗಳು ಸಿಗುವುದು ಕರ್ನಾಟಕದ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ನೋಡಲು ಚೆಂದವಾಗಿರುವ ಕೆಲವು ಮೆರುಗೆಣ್ಣೆ ಬಳಿಸಿಕೊಂಡು ರೆಸಾರ್ಟುಗಳ ಗೋಡೆ ಸೇರುತ್ತವೆ. ಎರಡೂ ದಾರಿಯಲ್ಲಿ ಕಳೆದುಹೋಗುವುದು ಆ ಹತಾರ ಯಾರ ಕೈಯಲ್ಲಿತ್ತು, ಯಾವ ವಸ್ತುವಿನ ಮೇಲೆ ಕೆಲಸ ಮಾಡಿತು ಎಂಬ ಮಾಹಿತಿ. ಈ ಮಾಹಿತಿಯ ಬಹುಪಾಲು ಹತಾರದ ಮೈಮೇಲೆಯೇ ಇರುತ್ತದೆ. ಅದರ ಬಾಯಿ, ಹಿಡಿ, ಸವೆತ, ಅಂಟಿಕೊಂಡ ಕೊಳೆ, ಒತ್ತಿದ ಮುದ್ರೆ ಇವನ್ನು ಒಂದು ಕ್ರಮದಲ್ಲಿ ಪರಿಶೀಲಿಸಿದರೆ, ಹೆಸರು ತಿಳಿಯದಿದ್ದರೂ ಅದು ಮಾಡುತ್ತಿದ್ದ ಕೆಲಸವನ್ನು ಹೇಳಲು ಸಾಧ್ಯವಾಗುತ್ತದೆ. ಕೆಲಸ ತಿಳಿದ ಮೇಲೆ ಹೆಸರನ್ನು ಹೇಳುವವರು ಸಿಕ್ಕೇ ಸಿಗುತ್ತಾರೆ.

ತೊಳೆಯುವ ಮೊದಲು

ಸಿಕ್ಕ ಹತಾರವನ್ನು ತಕ್ಷಣ ತೊಳೆಯಬಾರದು, ಮರಳು ಕಾಗದದಿಂದ ಉಜ್ಜಬಾರದು. ಅಲಗಿನ ಬುಡದಲ್ಲಿ ಕಪ್ಪಗೆ ಮೆತ್ತಿಕೊಂಡಿರುವ ಪದರ ಎಷ್ಟೋ ಸಲ ಅತ್ಯಂತ ನಂಬಿಕೆಯ ಸಾಕ್ಷಿಯಾಗಿರುತ್ತದೆ. ಅಡಿಕೆಯ ಚೊಗರು ಕಬ್ಬಿಣದೊಂದಿಗೆ ಬೆರೆತು ನೀಲಿಗಪ್ಪು ಕಲೆಯಾಗುತ್ತದೆ. ಹಲಸಿನ ಮೇಣ ಒಣಗಿ ಕಂದು ಪೊರೆಯಾಗಿ ಕೂರುತ್ತದೆ. ಗಾರೆ ಕೆಲಸದ ಹತಾರದ ಸಂದುಗಳಲ್ಲಿ ಸುಣ್ಣ ಬೆಳ್ಳಗೆ ಉಳಿದಿರುತ್ತದೆ. ಕುಲುಮೆಯ ಇಕ್ಕಳದ ಮೂತಿಯಲ್ಲಿ ಬೆಂಕಿಗೆ ಬೆಂದ ಕಬ್ಬಿಣದ ಹಕ್ಕಳೆ ಇರುತ್ತದೆ. ಚರ್ಮದ ಕೆಲಸದ ದಾರ ಮತ್ತು ಸೂಜಿಗಳ ಬಳಿ ಮೇಣದ ಜಿಡ್ಡು ಇರುತ್ತದೆ. ಇವನ್ನು ಒಮ್ಮೆ ಕೆರೆದು ತೆಗೆದರೆ ಮತ್ತೆ ಪಡೆಯುವ ದಾರಿಯಿಲ್ಲ. ಆದ್ದರಿಂದ ಮೊದಲು ಎಲ್ಲ ಬದಿಗಳಿಂದಲೂ, ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಟ್ಟು, ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ನೇರ ಬೆಳಕಿನಲ್ಲಿ ಕಾಣದ ಮುದ್ರೆಗಳು ಮತ್ತು ಗೀರುಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಅದೇ ಹೊತ್ತಿನಲ್ಲಿ ಹತಾರ ಎಲ್ಲಿ ಸಿಕ್ಕಿತು, ಅದರ ಜೊತೆಗೆ ಏನೇನಿತ್ತು ಎಂಬುದನ್ನು ಬರೆದಿಡಬೇಕು. ಅಡುಗೆಮನೆಯ ಮೇಲಿನ ಅಟ್ಟ, ದನದ ಕೊಟ್ಟಿಗೆಯ ಜಂತೆ, ದೇವರಮನೆಯ ಗೂಡು, ಗಾಡಿ ನಿಲ್ಲಿಸುವ ಮಾಡು ಇವು ಬೇರೆ ಬೇರೆ ಉತ್ತರಗಳನ್ನು ಸೂಚಿಸುತ್ತವೆ. ಒಂದು ಬದಿ ಗಣ್ಣಿನಿಂದ ಮುಚ್ಚಿ, ಇನ್ನೊಂದು ಬದಿಯನ್ನು ಓರೆಯಾಗಿ ಕತ್ತರಿಸಿ ನುಣುಪು ಮಾಡಿದ ಬಿದಿರಿನ ಕೊಳವೆ ಪಡಸಾಲೆಯ ಮೂಲೆಯಲ್ಲಿ ಸಿಕ್ಕರೆ ಊಹೆಗಳು ಹತ್ತು ಕಡೆಗೆ ಓಡುತ್ತವೆ. ಅದೇ ಕೊಳವೆ ಕೊಟ್ಟಿಗೆಯ ಗೋಡೆಯಲ್ಲಿ ಸಿಕ್ಕಿಸಿದ್ದಾಗ ಸಿಕ್ಕರೆ, ಅದು ದನಗಳಿಗೆ ಔಷಧಿ ಕುಡಿಸುವ ಗೊಟ್ಟ ಎಂಬುದು ಬೇಗ ಹೊಳೆಯುತ್ತದೆ. ಅಂಚನ್ನು ನುಣುಪು ಮಾಡಿರುವುದು ದನದ ಬಾಯಿಗೆ ಗಾಯವಾಗದಿರಲೆಂದು.

ಕಬ್ಬಿಣವೋ ಹಿತ್ತಾಳೆಯೋ ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಈ ಪರೀಕ್ಷೆಯನ್ನು ಕ್ಷುಲ್ಲಕವೆಂದು ಬಿಡಬಾರದು, ಏಕೆಂದರೆ ಲೋಹದ ಆಯ್ಕೆಯ ಹಿಂದೆ ಯಾವಾಗಲೂ ಒಂದು ಕಾರಣವಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಸಿಗುವ, ಉದ್ದನೆಯ ಹಿತ್ತಾಳೆ ಕೊಳವೆಯೊಳಗೆ ದಂಡವೊಂದು ಓಡಾಡುವ ಕೈಪಂಪನ್ನು ನೋಡಿ. ಕಬ್ಬಿಣ ಅಗ್ಗವಾಗಿದ್ದರೂ ಇದನ್ನು ಹಿತ್ತಾಳೆಯಲ್ಲಿ ಮಾಡಿದ್ದು ಒಳಗೆ ಹರಿಯುತ್ತಿದ್ದ ದ್ರವದ ಕಾರಣಕ್ಕೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಬೆಳೆಗಾರರಿಗೆ ಪರಿಚಯಿಸಿದರು. ಮೈಲುತುತ್ತದ ನೀರು ಕಬ್ಬಿಣವನ್ನು ತಿಂದುಹಾಕುತ್ತದೆ, ಹಿತ್ತಾಳೆಯನ್ನು ಅಷ್ಟಾಗಿ ತಿನ್ನುವುದಿಲ್ಲ. ಕೊಳವೆಯ ತಿರುಪುಗಳ ಸಂದಿನಲ್ಲಿ ಹಸಿರುನೀಲಿ ಪುಡಿ ಕಂಡರೆ ಆ ಪಂಪಿನ ಕೆಲಸ ಹೆಚ್ಚುಕಡಿಮೆ ನಿರ್ಧಾರವಾದಂತೆ. ಇಂಥ ಪಂಪು, ಡಬ್ಬಿ ಮತ್ತು ಸಿಂಪಡಿಕೆಯ ಸಲಕರಣೆಗಳನ್ನು ಕೈಗವಸು ಇಲ್ಲದೆ ಮುಟ್ಟಬಾರದು, ಒಳಗಿನ ಪುಡಿಯನ್ನು ಊದಿ ನೋಡಬಾರದು. ತುಕ್ಕು ಹಿಡಿದ ಅಲಗಿನಿಂದ ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವುದು ಅಗತ್ಯ.

ಬಾಯಿ, ಕಾವು ಮತ್ತು ಸವೆತ

ಆಮೇಲೆ ಕೇಳಬೇಕಾದ ಪ್ರಶ್ನೆ, ಹತಾರದ ಯಾವ ಭಾಗ ಕೆಲಸದ ವಸ್ತುವನ್ನು ಮುಟ್ಟುತ್ತಿತ್ತು ಎಂಬುದು. ಆ ಭಾಗ ಕತ್ತರಿಸುತ್ತಿತ್ತೋ, ಬಡಿಯುತ್ತಿತ್ತೋ, ಹಿಡಿಯುತ್ತಿತ್ತೋ, ಕೊರೆಯುತ್ತಿತ್ತೋ, ಕೆರೆಯುತ್ತಿತ್ತೋ, ಅಳೆಯುತ್ತಿತ್ತೋ ಎಂದು ತೀರ್ಮಾನಿಸಿದರೆ ಅರ್ಧ ದಾರಿ ಸವೆದಂತೆ.

ಕಾವು, ಅಂದರೆ ಮರದ ಹಿಡಿ, ಹಾಕುವ ತೂತಿರುವ ಅಲಗಾದರೆ, ಕಾವಿನ ದಿಕ್ಕಿಗೆ ಅಲಗಿನ ಅಂಚು ಹೇಗಿದೆ ಎಂದು ನೋಡಬೇಕು. ಅಂಚು ಕಾವಿನ ನೇರಕ್ಕೇ ಇದ್ದರೆ ಅದು ಕೊಡಲಿಯ ಜಾತಿಗೆ ಸೇರಿದ್ದು. ಅಡ್ಡವಾಗಿದ್ದರೆ ಬಾಚಿ ಅಥವಾ ಗುದ್ದಲಿ. ಬಾಚಿಯನ್ನೂ ಸಣ್ಣ ಗುದ್ದಲಿಯನ್ನೂ ಬೇರ್ಪಡಿಸುವುದು ಸವೆತ. ಮಣ್ಣಿನಲ್ಲಿ ದುಡಿದ ಅಲಗಿನ ಮೂಲೆಗಳು ದುಂಡಗಾಗಿರುತ್ತವೆ, ಮೈಮೇಲೆ ಅಲಗಿನ ಉದ್ದಕ್ಕೂ ಕಲ್ಲು ಮರಳಿನ ಗೀರುಗಳಿರುತ್ತವೆ. ಮರದಲ್ಲಿ ದುಡಿದ ಬಾಚಿಯ ಮೂಲೆಗಳು ಚೂಪಾಗಿಯೇ ಉಳಿದು, ಕಾವಿನ ಕಡೆಗಿರುವ ಒಳಮೈಯನ್ನು ಮಾತ್ರ ಮಸೆದಿರುವುದು ಕಾಣುತ್ತದೆ, ಏಕೆಂದರೆ ಬಡಗಿಗೆ ಬೇಕಾಗಿದ್ದದ್ದು ಮರದ ಮೈಯನ್ನು ಮಟ್ಟಸವಾಗಿ ಕೆತ್ತುವ ಓರೆಯಂಚು. ಊರಿನ ಕಮ್ಮಾರರು ಮಾಡಿದ ಒಳ್ಳೆಯ ಅಲಗುಗಳಲ್ಲಿ ಇನ್ನೊಂದು ಗುರುತು ಇರುತ್ತದೆ: ಮೆದು ಕಬ್ಬಿಣದ ಮೈಗೆ ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲಿ ಬೆಸೆದು ಬಾಯಿ ಕಟ್ಟಿರುವುದರಿಂದ, ಎರಡು ಲೋಹಗಳೂ ಬೇರೆ ಬೇರೆ ಬಗೆಯಲ್ಲಿ ತುಕ್ಕು ಹಿಡಿದು, ನಡುವೆ ಒಂದು ತೆಳುವಾದ ಗೆರೆ ಉಳಿಯುತ್ತದೆ. ಆ ಗೆರೆಯಿಂದ ಅಂಚಿಗೆ ಇರುವ ದೂರ ಬಹಳ ಕಡಿಮೆಯಾಗಿದ್ದರೆ ಹತಾರವನ್ನು ವರ್ಷಗಟ್ಟಲೆ ಮಸೆದು ಬಳಸಿದ್ದಾರೆ ಎಂದರ್ಥ. ಹೀಗೆ ಸವೆದು ಸಣ್ಣದಾದ ಹತಾರವನ್ನು ಮಕ್ಕಳ ಆಟಿಕೆ ಎಂದೋ ಪೂಜೆಗೆ ಮಾಡಿಸಿದ ಸಣ್ಣ ಮಾದರಿ ಎಂದೋ ತಿಳಿಯುವವರು ಬಹಳ ಮಂದಿ ಇದ್ದಾರೆ.

ಉಳಿಗಳಲ್ಲಿ ಮೇಲ್ತುದಿಯನ್ನು ನೋಡಬೇಕು. ಇಡೀ ಮೈ ಕಬ್ಬಿಣವಾಗಿ, ತಲೆ ಅಣಬೆಯಂತೆ ಅರಳಿ ಸುತ್ತಲೂ ಬಾಗಿದ್ದರೆ ಅದು ಸುತ್ತಿಗೆಯ ಏಟು ತಿಂದ ಕಲ್ಲುಕುಟಿಗನ ಅಥವಾ ಕಮ್ಮಾರನ ಉಳಿ. ಮರದ ಹಿಡಿ ಇದ್ದು ಅದರ ತುದಿ ನಾರುನಾರಾಗಿ ಒಡೆದಿದ್ದರೆ ಕೊಡತಿಯಿಂದ ಬಡಿದ ಬಡಗಿಯ ಉಳಿ. ಹಿಡಿಯ ತುದಿ ಅಂಗೈ ಉಜ್ಜಿ ಹೊಳಪಾಗಿ ಉಳಿದಿದ್ದರೆ ಅದನ್ನು ಯಾರೂ ಬಡಿದಿಲ್ಲ; ಕೈಯಿಂದ ಒತ್ತಿ ಕೆತ್ತಲು ಅಥವಾ ತಿರುಗುವ ಮರಕ್ಕೆ ಒಡ್ಡಲು ಬಳಸಿದ್ದಾರೆ. ಚನ್ನಪಟ್ಟಣದ ಬಣ್ಣದ ಆಟಿಕೆಗಳ ಕಸುಬಿನಲ್ಲಿ ಇಂಥ ಉದ್ದ ಹಿಡಿಯ ಉಳಿಗಳನ್ನು ಕಾಣಬಹುದು.

ಗರಗಸದ ಹಲ್ಲುಗಳು ಯಾವ ಕಡೆಗೆ ಬಾಗಿವೆ ಎಂಬುದು ಅದು ಯಾವ ಪರಂಪರೆಯದೆಂದು ಹೇಳುತ್ತದೆ. ನಮ್ಮ ಬಡಗಿಗಳ ಹಳೆಯ ಗರಗಸ ತನ್ನತ್ತ ಎಳೆಯುವಾಗ ಕೊಯ್ಯುತ್ತದೆ, ಆದ್ದರಿಂದ ಹಲ್ಲುಗಳು ಹಿಡಿಯ ಕಡೆಗೆ ಬಾಗಿರುತ್ತವೆ. ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂದ ಮಾದರಿಗಳಲ್ಲಿ ಹಲ್ಲು ಹಿಡಿಯಿಂದಾಚೆಗೆ ಬಾಗಿರುತ್ತವೆ, ಏಕೆಂದರೆ ಅವು ತಳ್ಳುವಾಗ ಕೊಯ್ಯುತ್ತವೆ. ಹಲ್ಲುಗಳ ತುದಿ ಸಣ್ಣ ಉಳಿಯಂತೆ ಚಪ್ಪಟೆಯಾಗಿದ್ದರೆ ಮರವನ್ನು ನಾರಿನುದ್ದಕ್ಕೆ ಸೀಳಲು, ಚಾಕುವಿನಂತೆ ಓರೆಯಾಗಿ ಅರ ಹಾಕಿದ್ದರೆ ನಾರಿಗೆ ಅಡ್ಡವಾಗಿ ಕತ್ತರಿಸಲು. ತೂತು ಕೊರೆಯುವ ಬೈರಿಗೆಯ ಮೊನೆಯಲ್ಲೂ ಇಂಥದೇ ಒಂದು ಸುಳಿವಿದೆ. ಬಿಲ್ಲಿನ ಹಗ್ಗದಿಂದ ತಿರುಗಿಸುವ ಬೈರಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುವುದರಿಂದ ಅದರ ಚಪ್ಪಟೆ ಮೊನೆಯನ್ನು ಎರಡೂ ಬದಿಗೆ ಮಸೆದಿರುತ್ತಾರೆ; ಒಂದೇ ದಿಕ್ಕಿಗೆ ತಿರುಗುವ ಕೈಡ್ರಿಲ್ಲಿನ ಮೊನೆ ಸುರುಳಿಯಾಗಿರುತ್ತದೆ.

ಹಿಡಿಯ ಸವೆತವನ್ನು ಓದಲು ಒಂದು ಸುಲಭ ವಿಧಾನವಿದೆ. ಕಣ್ಣು ಮುಚ್ಚಿ ಹತಾರವನ್ನು ಹಿಡಿದು, ಬೆರಳುಗಳು ತಾವಾಗಿ ಎಲ್ಲಿ ಕೂರುತ್ತವೆ ಎಂದು ನೋಡುವುದು. ಬಹುಕಾಲ ಬಳಸಿದ ಹಿಡಿಯಲ್ಲಿ ಹೆಬ್ಬೆರಳಿನ ಜಾಗ ತಗ್ಗಾಗಿ ಹೊಳೆಯುತ್ತಿರುತ್ತದೆ, ಅದರಿಂದ ಬಳಸಿದವರು ಬಲಗೈಯವರೋ ಎಡಗೈಯವರೋ ಎಂಬುದೂ ತಿಳಿಯುತ್ತದೆ. ಕೈ ಮಾತ್ರವಲ್ಲದೆ ಕಾಲಿನ ಗುರುತನ್ನೂ ಹುಡುಕಬೇಕೆಂದು ನಾನು ಒತ್ತಿ ಹೇಳುತ್ತೇನೆ. ಯುರೋಪಿನ ಬಡಗಿ ಎತ್ತರದ ಮೇಜಿನ ಮುಂದೆ ನಿಂತು, ಮರವನ್ನು ಇಕ್ಕಳದಲ್ಲಿ ಬಿಗಿದು ಕೆಲಸ ಮಾಡಿದರೆ, ಇಲ್ಲಿನ ಕಸುಬುದಾರರಲ್ಲಿ ಹೆಚ್ಚಿನವರು ನೆಲದ ಮೇಲೆ ಕುಳಿತು, ವಸ್ತುವನ್ನು ಪಾದದಿಂದಲೋ ಕಾಲ್ಬೆರಳುಗಳಿಂದಲೋ ಒತ್ತಿ ಹಿಡಿದು ದುಡಿದರು. ಆದ್ದರಿಂದ ನಮ್ಮ ಹತಾರಗಳ ಕಾವು ಗಿಡ್ಡ, ಕೆಳಗಿನ ಮಣೆ ಅಗಲ, ಮತ್ತು ಮಣೆಯ ಒಂದು ಬದಿ ತೊಡೆ ಅಥವಾ ಪಾದ ಉಜ್ಜಿ ನುಣುಪಾಗಿರುತ್ತದೆ. ವಿದೇಶಿ ಚಿತ್ರಪಟ್ಟಿಗಳಲ್ಲಿ ನಮ್ಮ ಹತಾರಕ್ಕೆ ಜೋಡಿ ಹುಡುಕುವವರು ದಾರಿ ತಪ್ಪುವುದು ಬಹುತೇಕ ಇಲ್ಲಿಯೇ.

ಒಂದೇ ರೂಪ, ಬೇರೆ ಕಸುಬು

ಗುರುತು ಹಿಡಿಯುವಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ನೋಡಲು ಒಂದೇ ತೆರನಾಗಿದ್ದು ಬೇರೆ ಬೇರೆ ಕಸುಬಿಗೆ ಸೇರಿದ ವಸ್ತುಗಳು. ಅಂಗೈಯಗಲದ, ಸಾಲಾಗಿ ತೂತುಗಳಿರುವ ಲೋಹದ ಹಲಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ, ಏಕೆಂದರೆ ಇದು ಹಳೆಯ ಪೆಟ್ಟಿಗೆಗಳಲ್ಲಿ ಆಗಾಗ ಸಿಗುತ್ತದೆ ಮತ್ತು ತೂತುಗಳನ್ನು ಗಮನಿಸುವುದರಿಂದಲೇ ಇದರ ಕೆಲಸವನ್ನು ಪೂರ್ತಿಯಾಗಿ ತಿಳಿಯಬಹುದು.

ತೂತುಗಳು ದುಂಡಗಿದ್ದು, ಒಂದರ ಪಕ್ಕದಲ್ಲೊಂದು ಕ್ರಮವಾಗಿ ಕಿರಿದಾಗುತ್ತ ಹೋಗಿ, ಹಲಗೆಯ ಒಂದು ಮೈಯಲ್ಲಿ ಅಗಲವಾಗಿಯೂ ಇನ್ನೊಂದು ಮೈಯಲ್ಲಿ ಸಣ್ಣದಾಗಿಯೂ ಇದ್ದರೆ, ಅದು ಅಕ್ಕಸಾಲಿಗರ ತಂತಿ ಎಳೆಯುವ ಅಚ್ಚು. ಚಿನ್ನ ಅಥವಾ ಬೆಳ್ಳಿಯ ಕಡ್ಡಿಯ ತುದಿಯನ್ನು ಚೂಪು ಮಾಡಿ, ಅಗಲ ಬಾಯಿಯಿಂದ ತೂರಿಸಿ, ಆಚೆ ಬದಿಯಲ್ಲಿ ಇಕ್ಕಳದಿಂದ ಹಿಡಿದು ಎಳೆಯುತ್ತಾರೆ. ಒಂದು ತೂತು ದಾಟಿದ ತಂತಿಯನ್ನು ಕಾಯಿಸಿ ಮೆದುಗೊಳಿಸಿ ಅದಕ್ಕಿಂತ ಸಣ್ಣ ತೂತಿಗೆ ಕೊಡುತ್ತಾರೆ. ಈ ಅಚ್ಚು ಗಟ್ಟಿ ಉಕ್ಕಿನದಾಗಿರಬೇಕು, ಇಲ್ಲದಿದ್ದರೆ ತೂತೇ ಸವೆದು ಅಗಲವಾಗುತ್ತದೆ. ತೂತುಗಳು ಚೌಕವಾಗಿದ್ದು, ಎರಡು ಮೂರೇ ಇದ್ದು, ಹಲಗೆ ದಪ್ಪನಾಗಿ ಸುತ್ತಿಗೆಯ ಪೆಟ್ಟುಗಳಿಂದ ಜಜ್ಜಿದಂತಿದ್ದರೆ ಅದು ಕಮ್ಮಾರರು ಮೊಳೆಗೆ ತಲೆ ಕಟ್ಟುತ್ತಿದ್ದ ಅಚ್ಚು. ಕಾದ ಕಂಬಿಯನ್ನು ಚೌಕ ತೂತಿನಲ್ಲಿ ಇಳಿಬಿಟ್ಟು ಮೇಲೆ ಉಳಿದ ತುದಿಯನ್ನು ಬಡಿದರೆ ಅದು ಹರಡಿ ಮೊಳೆಯ ತಲೆಯಾಗುತ್ತದೆ. ತೂತಿನ ಒಳಗೋಡೆಯಲ್ಲಿ ತಿರುಪಿನ ಗೆರೆಗಳಿದ್ದರೆ ಅದು ಕಡ್ಡಿಗೆ ತಿರುಪು ಹಾಕುವ ಹಲಗೆ. ಗಡಿಯಾರ, ಬೀಗ, ಬಂದೂಕುಗಳ ರಿಪೇರಿ ಮಾಡುತ್ತಿದ್ದವರ ಬಳಿ ಇರುತ್ತಿತ್ತು. ಕೊನೆಯದಾಗಿ, ತೂತುಗಳೆಲ್ಲ ಒಂದೇ ಅಳತೆಯವಾಗಿ, ದುಂಡನೆಯ ಹಿತ್ತಾಳೆಯ ಬಿಲ್ಲೆಯಲ್ಲಿ ಒತ್ತೊತ್ತಾಗಿದ್ದರೆ ಅದು ಶಾವಿಗೆ ಒರಳಿನ ಬಿಲ್ಲೆ, ಅಂದರೆ ಅಡುಗೆಮನೆಯ ವಸ್ತು. ಲೋಹ, ತೂತಿನ ಆಕಾರ, ಅಳತೆಯ ಕ್ರಮ, ಪೆಟ್ಟಿನ ಗುರುತು ಈ ನಾಲ್ಕನ್ನು ನೋಡಿದವರಿಗೆ ಇಲ್ಲಿ ತಪ್ಪಾಗುವ ಸಂಭವ ಬಹಳ ಕಡಿಮೆ.

ತಂತಿಯ ಅಚ್ಚು ಸಿಕ್ಕ ಪೆಟ್ಟಿಗೆಯಲ್ಲಿ ಆರೂ ಮುಖಗಳಲ್ಲಿ ಚಿಕ್ಕ ದೊಡ್ಡ ಬಟ್ಟಲಿನಂಥ ಗುಳಿಗಳಿರುವ ಹಿತ್ತಾಳೆಯ ಘನವೂ ಸಿಗಬಹುದು. ಅದನ್ನು ಪಗಡೆಯ ದಾಳವೆಂದು ಹೇಳುವವರಿದ್ದಾರೆ. ತೆಳು ತಗಡಿನ ಬಿಲ್ಲೆಯನ್ನು ಗುಳಿಯಲ್ಲಿಟ್ಟು ದುಂಡು ತಲೆಯ ಕಡ್ಡಿಯಿಂದ ಬಡಿದು ಅರ್ಧಗೋಲ ಮಾಡುವುದು, ಅಂಥ ಎರಡು ಅರ್ಧಗೋಲಗಳನ್ನು ಬೆಸೆದು ಗುಂಡು ಮಾಡುವುದು ಅದರ ನಿಜವಾದ ಕೆಲಸ. ಗುಳಿಗಳ ಅಳತೆ ಒಂದರಿಂದ ಒಂದಕ್ಕೆ ಬೇರೆಯಾಗಿರುವುದೇ ಅದು ದಾಳವಲ್ಲ ಎಂಬುದಕ್ಕೆ ಸಾಕ್ಷಿ.

ಕುಳಿತು ಬಳಸುವ ಅಲಗುಗಳಲ್ಲೂ ಇಂಥದೇ ಗೊಂದಲವಿದೆ. ಮಣೆಗೆ ನಿಲ್ಲಿಸಿದ ಬಾಗಿದ ಅಲಗನ್ನೆಲ್ಲ ಈಳಿಗೆ ಮಣೆ ಎಂದು ಕರೆದುಬಿಡುವುದು ರೂಢಿ. ಈಳಿಗೆಯ ಅಲಗು ಉದ್ದವಾಗಿ, ಮುಂದಕ್ಕೆ ಬಾಗಿ, ತುದಿಯಲ್ಲಿ ಹಲವು ಸಲ ತೆಂಗಿನಕಾಯಿ ತುರಿಯುವ ಹಲ್ಲಿನ ಬಿಲ್ಲೆಯನ್ನು ಹೊತ್ತಿರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ಗಿಡ್ಡ, ದಪ್ಪ, ಮೊನಚು. ಅದು ಸಿಪ್ಪೆಗೆ ಚುಚ್ಚಿ ಸೀಳಬೇಕೇ ಹೊರತು ಹೋಳು ಮಾಡಬೇಕಾಗಿಲ್ಲ, ಆದ್ದರಿಂದ ಸವೆತವೆಲ್ಲ ಮೊನೆಯ ಸುತ್ತಲೇ ಇರುತ್ತದೆ ಮತ್ತು ಚೊಗರಿನ ಕಪ್ಪು ಅಲ್ಲಿಯೇ ದಟ್ಟವಾಗಿರುತ್ತದೆ. ಸುಗ್ಗಿಯಲ್ಲಿ ರಾತ್ರಿಯಿಡೀ ಅಡಿಕೆ ಸುಲಿದ ಹೆಂಗಸರ ದುಡಿಮೆಯನ್ನು ಆ ಮಣೆಯ ನುಣುಪು ಹೇಳುತ್ತದೆ, ಅಂಥದ್ದನ್ನು ತರಕಾರಿ ಹೆಚ್ಚುವ ಮಣೆ ಎಂದು ಚೀಟಿ ಅಂಟಿಸಿ ಪ್ರದರ್ಶಿಸುವುದು ಆ ದುಡಿಮೆಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ಅರ್ಧಚಂದ್ರಾಕಾರದ ಅಲಗಿಗೆ ಗಿಡ್ಡ ಹಿಡಿ ಇದ್ದರೆ ಅದು ಚರ್ಮ ಕತ್ತರಿಸುವ ರಂಪಿಗೆ.

ಪ್ರಾಣಿಗಳಿಗೆ ಸಂಬಂಧಿಸಿದ ವಸ್ತುಗಳು ಇನ್ನೊಂದು ಗುಂಪು. ಎಲೆಯಾಕಾರದ, ಒಂದು ಅಂಚಿನಲ್ಲಿ ಮಾತ್ರ ಮೊಳೆ ತೂತುಗಳಿರುವ ತೆಳು ಕಬ್ಬಿಣದ ತುಂಡು ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಕುದುರೆಯಂತೆ ಒಂದೇ ಬಾಗಿದ ಲಾಳ ಹೊಂದುವುದಿಲ್ಲ, ಒಂದು ಕಾಲಿಗೆ ಎರಡು ತುಂಡು ಬೇಕು. ಭಾರವಾದ, ಉದ್ದ ಹಿಡಿಗಳ, ಮೂತಿ ಮೊಂಡಾಗಿರುವ ಇಕ್ಕಳ ಸಿಕ್ಕರೆ ಅದು ಕೊಳಾಯಿಯ ಕೆಲಸದ್ದಲ್ಲ. ಹೋರಿಗಳ ಬೀಜ ಒಡೆಯಲು ಪಶುವೈದ್ಯರು ಬಳಸುವ ಬುರ್ಡಿಜೊ. ಚರ್ಮ ಹರಿಯದೆ ಒಳಗಿನ ನಾಳವನ್ನು ಮಾತ್ರ ಜಜ್ಜಬೇಕಾಗಿರುವುದರಿಂದ ಅದರ ಮೂತಿಗೆ ಹರಿತವಾದ ಅಂಚಿರುವುದಿಲ್ಲ. ಕರಾವಳಿಯ ಮನೆಗಳಲ್ಲಿ ಅಗಲವಾದ, ಅತಿ ಹರಿತವಾದ ಕತ್ತಿಯ ಜೊತೆಗೆ ಉಜ್ಜಿ ಹೊಳಪಾದ ಒಂದು ಮೂಳೆ ಸಿಕ್ಕರೆ ಅದರಲ್ಲಿ ಮಾಟಮಂತ್ರವೇನೂ ಇಲ್ಲ. ಕಳ್ಳು ಇಳಿಸುವವರು ಹೊಂಬಾಳೆಯನ್ನು ಹದವಾಗಿ ತಟ್ಟಲು ಮೂಳೆಯನ್ನು ಬಳಸುತ್ತಿದ್ದರು.

ಒಂಟಿಯಾಗಿ ಉಳಿದ ಬಿಡಿಭಾಗಗಳು

ಎಷ್ಟು ನೋಡಿದರೂ ಅರ್ಥವಾಗದ ವಸ್ತು ಬಹುಪಾಲು ಒಂದು ಇಡೀ ಸಲಕರಣೆಯ ತುಂಡಾಗಿರುತ್ತದೆ. ಯಾವುದಕ್ಕೋ ಕೂರಿಸಲು ಕೊರೆದ ಚೌಕ ಗುಳಿ, ಹಗ್ಗ ಉಜ್ಜಿದ ಕಾಲುವೆಯಂಥ ಗೆರೆ, ಒಂದೇ ಮೈ ಮಾತ್ರ ಬಿಸಿಲು ಮಳೆಗೆ ಬಣ್ಣಗೆಟ್ಟು ಇನ್ನೊಂದು ಮೈ ಹೊಸದರಂತೆ ಉಳಿದಿರುವುದು ಇವು ಅದರ ಲಕ್ಷಣಗಳು.

ಇಂಥವುಗಳಲ್ಲಿ ನಾನು ಎಲ್ಲರ ಗಮನಕ್ಕೆ ತರಲು ಬಯಸುವುದು ಕಾಳು ಬಿತ್ತುವ ಕೂರಿಗೆಯ ಬಟ್ಟಲನ್ನು. ಗಟ್ಟಿ ಮರವನ್ನು ಕಡೆದು ಮಾಡಿದ, ತಳದಲ್ಲಿ ಸುತ್ತಲೂ ಸಮ ಅಂತರದಲ್ಲಿ ತೂತುಗಳಿರುವ ಈ ಬಟ್ಟಲು ಅಟ್ಟದಲ್ಲಿ ಒಂಟಿಯಾಗಿ ಸಿಕ್ಕಾಗ ದೀಪದ ಬುಡವೆಂದೋ ಸೋಸುವ ಪಾತ್ರೆಯೆಂದೋ ಕಾಣುತ್ತದೆ. ತೂತುಗಳು ನೇರವಾಗಿ ಕೆಳಕ್ಕೆ ಇಳಿಯದೆ ಹೊರಕ್ಕೆ ಓರೆಯಾಗಿ ಇಳಿಯುತ್ತವೆಯೇ ಎಂದು ಒಂದು ಕಡ್ಡಿ ಹಾಕಿ ನೋಡಬೇಕು. ಓರೆಯಾಗಿದ್ದರೆ ಅವು ಬಿದಿರಿನ ಕೊಳವೆಗಳನ್ನು ಕೂರಿಸಿದ್ದ ತೂತುಗಳು. ಬಿತ್ತುವವರು ಬಟ್ಟಲಿಗೆ ಬೆರಳುಗಳ ಸಂದಿಯಿಂದ ಕಾಳನ್ನು ಒಂದೇ ಸಮನೆ ಬಿಡುತ್ತ ಹೋದರೆ ಅದು ಕೊಳವೆಗಳಲ್ಲಿ ಇಳಿದು, ಕೂರಿಗೆಯ ಹಲ್ಲುಗಳು ತೆರೆದ ಸಾಲುಗಳಲ್ಲಿ ಬೀಳುತ್ತದೆ. ತೂತುಗಳ ಎಣಿಕೆಯಿಂದ ಕೂರಿಗೆಗೆ ಎಷ್ಟು ಹಲ್ಲುಗಳಿದ್ದವೆಂದು ತಿಳಿಯುತ್ತದೆ, ತೂತಿನ ಅಗಲದಿಂದ ರಾಗಿಯಂಥ ಸಣ್ಣ ಕಾಳಿಗೋ ಕಡಲೆಯಂಥ ದಪ್ಪ ಕಾಳಿಗೋ ಎಂಬ ಅಂದಾಜು ಸಿಗುತ್ತದೆ. ಬಟ್ಟಲಿನ ಬಾಯಂಚಿನಲ್ಲಿ ಒಂದು ಕಡೆ ಮಾತ್ರ ನುಣುಪಾಗಿರುವುದು ಬಿತ್ತುವ ಕೈ ತಾಗಿದ ಜಾಗ.

ಮಗ್ಗದ ಲಾಳಿಯಲ್ಲಿ ಎರಡು ಬಗೆ. ಕೈಯಿಂದ ಎಸೆಯುವ ಹಳೆಯ ಲಾಳಿ ಹಗುರ, ದೋಣಿಯಾಕಾರ, ತುದಿಗಳಿಗೆ ಲೋಹದ ಮೊನೆ ಇರುವುದಿಲ್ಲ. ಹಗ್ಗ ಎಳೆದು ಓಡಿಸುವ ಲಾಳಿಗೆ ಪೆಟ್ಟು ತಡೆಯಲು ಎರಡೂ ತುದಿಗೆ ಲೋಹದ ಮೊನೆ, ಕೆಲವಕ್ಕೆ ಕೆಳಗೆ ಸಣ್ಣ ಗಾಲಿ ಇರುತ್ತವೆ. ಕುಂಬಾರರ ಮನೆಯಲ್ಲಿ ಸಿಗುವ, ಹಿಡಿಯಿರುವ ದುಂಡು ಕಲ್ಲನ್ನು ಮಡಕೆಯ ಒಳಬದಿಗೆ ಒತ್ತಿಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಿದ್ದರು. ಕಲ್ಲೂ ಹಲಗೆಯೂ ಜೋಡಿ, ಬೇರೆ ಮಾಡಬಾರದು. ಒಳಗೆ ಸುಟ್ಟಂತೆ ಕಪ್ಪಾಗಿ ಹೊಳೆಯುವ ಸಣ್ಣ ಗುಳಿಯಿರುವ ಮರದ ತುಂಡು ಬಿಲ್ಲಿನ ಬೈರಿಗೆಯನ್ನು ಮೇಲಿನಿಂದ ಒತ್ತಿ ಹಿಡಿಯುತ್ತಿದ್ದ ಬಿರಡೆ.

ಮುದ್ರೆಯಿಂದ ಕಾಲ

ಕುಲುಮೆಯ ಹತಾರಗಳಿಗೆ ಸಾಮಾನ್ಯವಾಗಿ ಮುದ್ರೆ ಇರುವುದಿಲ್ಲ. ಕಾರ್ಖಾನೆಯ ಹತಾರಗಳಿಗೆ ಇರುತ್ತದೆ, ಮತ್ತು ಅದು ಕಾಲವನ್ನು ಬಹಳ ಕಿರಿದಾದ ಅವಧಿಗೆ ತಂದು ನಿಲ್ಲಿಸಬಲ್ಲದು. ತುಕ್ಕಿನ ಮೇಲೆ ಸುಣ್ಣದ ಪುಡಿಯನ್ನೋ ಸೀಮೆಸುಣ್ಣವನ್ನೋ ಹಗುರವಾಗಿ ಸವರಿದರೆ ಅಕ್ಷರಗಳು ಕಾಣುತ್ತವೆ.

ತಯಾರಾದ ದೇಶದ ಹೆಸರನ್ನು ವಿದೇಶಿ ಸರಕಿನ ಮೇಲೆ ಒತ್ತುವ ಪದ್ಧತಿ ಬ್ರಿಟನ್ನಿನಲ್ಲಿ 1887ರ ಕಾಯಿದೆಯಿಂದ, ಭಾರತದಲ್ಲಿ 1889ರ ಕಾಯಿದೆಯಿಂದ ಬಲಗೊಂಡಿತು. ಆದ್ದರಿಂದ ದೇಶದ ಹೆಸರಿರುವ ಹತಾರ ಅದಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ. ವೆಸ್ಟ್ ಜರ್ಮನಿ ಎಂದಿದ್ದರೆ ಅದು 1949ರಿಂದ 1990ರ ನಡುವಿನದು. ಬ್ರಿಟಿಷ್ ವಸ್ತುಗಳ ಮೇಲಿನ ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರವರೆಗೆ ಬಳಕೆಯಲ್ಲಿತ್ತು, 1884ರಿಂದ ಅದರ ಜಾಗದಲ್ಲಿ ಕ್ರಮಸಂಖ್ಯೆ ಬಂತು. ಅಗಲ ಮೊನೆಯ ಬಾಣದ ಗುರುತಿದ್ದರೆ ಆ ವಸ್ತು ಬ್ರಿಟಿಷ್ ಸರ್ಕಾರದ, ಹೆಚ್ಚಾಗಿ ಸೇನೆಯ, ಆಸ್ತಿಯಾಗಿತ್ತು. ಪೇಟೆಂಟಿನ ದಿನಾಂಕ ತಯಾರಿಕೆಯ ದಿನಾಂಕವಲ್ಲ ಎಂಬುದನ್ನು ನೆನಪಿಡಬೇಕು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕಬ್ಬಿಣದ ಕೀಸುಳಿಗಳ ಮೇಲೆ 1902 ಮತ್ತು 1910ರ ಪೇಟೆಂಟ್ ದಿನಾಂಕಗಳನ್ನು ಎರಕದಲ್ಲಿಯೇ ಮೂಡಿಸಿರುತ್ತಾರೆ. ಅಂಥ ಕೀಸುಳಿ 1910ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರಿಂದ ಹೇಳಬಹುದು.

ನಮ್ಮ ನೆಲದ ಗುರುತುಗಳು ಇನ್ನೂ ಹೆಚ್ಚು ಉಪಯುಕ್ತ. ರೈಲ್ವೆಯ ಸ್ಪ್ಯಾನರು, ಸುತ್ತಿಗೆ, ಲಾಟೀನುಗಳ ಮೇಲೆ ಎಂ. ಅಂಡ್ ಎಸ್.ಎಂ. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು 1908ರಲ್ಲಿ ರಚನೆಯಾದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. 1951ರ ಏಪ್ರಿಲ್ 14ರಂದು ಅದೂ ಮೈಸೂರು ಸಂಸ್ಥಾನದ ರೈಲ್ವೆಯೂ ದಕ್ಷಿಣ ರೈಲ್ವೆಯಲ್ಲಿ ಸೇರಿದ್ದರಿಂದ ಆ ಅಕ್ಷರಗಳಿರುವ ವಸ್ತುವಿನ ಕಾಲ ಆ ಎರಡು ವರ್ಷಗಳ ನಡುವೆ ನಿಲ್ಲುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು, ಅದರ ಹೆಸರಿರುವ ಎರಕದ ವಸ್ತು ಅದಕ್ಕಿಂತ ಹಳೆಯದಾಗಿರಲಾರದು. ಮುದ್ರೆಯಲ್ಲಿ ರಾಜ್ಯದ ಹೆಸರು ಮೈಸೂರು ಎಂದಿದೆಯೋ ಕರ್ನಾಟಕ ಎಂದಿದೆಯೋ ಎಂಬುದು 1973ರ ನವೆಂಬರ್ 1ರ ಹಿಂದೆ ಮುಂದೆ ಎಂದು ವಿಂಗಡಿಸುತ್ತದೆ. ಐ.ಎಸ್.ಐ. ಗುರುತು 1955ರ ನಂತರದ್ದು. ಸೇರು, ಪಾವು, ಚಟಾಕುಗಳ ಅಳತೆ ಇರುವ ಪಾತ್ರೆ ಮತ್ತು ತೂಕದ ಬೊಟ್ಟುಗಳಿಗೆ 1956ರ ತೂಕ ಅಳತೆ ಕಾಯಿದೆ ಗಡಿರೇಖೆ. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂತು. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ ತೂಗುತ್ತದೆ, ಆದರೆ ಊರೂರಿನ ಸೇರು ಬೇರೆಯಿದ್ದುದರಿಂದ ತೂಕ ಇಷ್ಟಕ್ಕೆ ಹೊಂದದಿದ್ದರೆ ಅದನ್ನು ಸುಳ್ಳು ಬೊಟ್ಟೆಂದು ತಳ್ಳಿಹಾಕಬಾರದು.

ಮುದ್ರೆ ಇಲ್ಲದಾಗ ಜೋಡಣೆಯ ವಿಧಾನವೇ ಕಾಲವನ್ನು ಹೇಳುತ್ತದೆ. ಕೂಡುಗೆರೆಯ (+) ತಲೆಯ ತಿರುಪುಮೊಳೆ 1930ರ ದಶಕಕ್ಕಿಂತ ಹಿಂದೆ ಬಳಕೆಯಲ್ಲಿರಲಿಲ್ಲ. ಬೇಕಲೈಟಿನ ಹಿಡಿ 20ನೆಯ ಶತಮಾನದ್ದು. ಆದರೆ ಹಿಡಿ ಮತ್ತು ತಿರುಪು ಬದಲಾಗುವ ಭಾಗಗಳಾದ್ದರಿಂದ ಅಲಗನ್ನೂ ಹಿಡಿಯನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಬಲ್ಲವರನ್ನು ಕೇಳುವ ಕ್ರಮ

ಹತಾರದ ಕೆಲಸವನ್ನು ಊಹಿಸಿದ ಮೇಲೆ ಆ ಕಸುಬಿನವರ ಬಳಿಗೆ ಹೋಗಬೇಕು. ಸಾಧ್ಯವಾದ ಮಟ್ಟಿಗೆ ಚಿತ್ರವನ್ನು ತೋರಿಸದೆ ಹತಾರವನ್ನೇ ಕೈಗೆ ಕೊಡಬೇಕು, ಏಕೆಂದರೆ ಎಪ್ಪತ್ತು ದಾಟಿದ ಬಡಗಿ ಅಥವಾ ಕಮ್ಮಾರರಿಗೆ ತೂಕ ಮತ್ತು ಹಿಡಿತ ಹೇಳುವ ಸಂಗತಿಯನ್ನು ಫೋನಿನ ಚಿತ್ರ ಹೇಳಲಾರದು. "ಇದು ಬಾಚಿಯೇ ಅಲ್ಲವೇ ಅಜ್ಜಾ?" ಎಂದು ಉತ್ತರವನ್ನು ನಾವೇ ಮುಂದಿಡಬಾರದು, ಹಿರಿಯರು ಮನೆಗೆ ಬಂದವರ ಮಾತನ್ನು ಮುರಿಯಲಾಗದೆ ಹೌದೆಂದುಬಿಡುತ್ತಾರೆ. "ಇದನ್ನು ನೀವು ಹೇಗೆ ಹಿಡಿಯುತ್ತೀರಿ, ತೋರಿಸುತ್ತೀರಾ?" ಎಂದು ಕೇಳಿ ಸುಮ್ಮನಿರುವುದು ಒಳ್ಳೆಯದು. ಕೈ ತಾನಾಗಿ ಮಾಡಿ ತೋರಿಸುವ ಚಲನೆ ಬಾಯಿಮಾತಿಗಿಂತ ನಂಬಲರ್ಹ, ಅದನ್ನು ಒಪ್ಪಿಗೆ ಪಡೆದು ವಿಡಿಯೊ ಮಾಡಿಕೊಳ್ಳಬೇಕು. ಅವರು ಹೇಳಿದ ಹೆಸರನ್ನು ಊರಿನ ಹೆಸರಿನೊಂದಿಗೆ, ಉಚ್ಚಾರವನ್ನು ತಿದ್ದದೆ ಬರೆದುಕೊಳ್ಳಬೇಕು.

ಹೋಲಿಸಿ ನೋಡಲು ರಾಮನಗರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಬಂಟ್ವಾಳದ ತುಳು ಬದುಕು ವಸ್ತುಸಂಗ್ರಹಾಲಯ ಇವು ಒಳ್ಳೆಯ ಸ್ಥಳಗಳು. ಕರಾವಳಿಯ ವಸ್ತುವಿಗೆ ಬಯಲುಸೀಮೆಯ ಸಂಗ್ರಹದಲ್ಲಿ ಜೋಡಿ ಸಿಗದಿರಬಹುದು, ಆದ್ದರಿಂದ ವಸ್ತು ಸಿಕ್ಕ ಸೀಮೆಗೆ ಹತ್ತಿರವಾದ ಸಂಗ್ರಹಾಲಯದಿಂದ ಆರಂಭಿಸಬೇಕು.

ಗುರುತು ಸಿಕ್ಕ ಮೇಲೆ ಒಂದು ಚೀಟಿಯಲ್ಲಿ ವಸ್ತುವಿನ ಹೆಸರು, ಕೆಲಸ, ಸಿಕ್ಕ ಸ್ಥಳ, ಅಳತೆ, ಹೇಳಿದವರ ಕಸುಬು ಮತ್ತು ಊರು ಇಷ್ಟನ್ನು ಬರೆದು, ಯಾವುದು ಕಣ್ಣಾರೆ ಕಂಡ ಸಾಕ್ಷಿ, ಯಾವುದು ಕೇಳಿದ ಮಾತು, ಯಾವುದು ಊಹೆ ಎಂದು ಬೇರೆ ಬೇರೆಯಾಗಿ ನಮೂದಿಸಬೇಕು. ಚೀಟಿಯನ್ನು ಅಂಟಿಸದೆ ಹತ್ತಿಯ ದಾರದಿಂದ ಕಟ್ಟಬೇಕು. ಆಮೇಲೆ ಸಡಿಲ ಧೂಳನ್ನು ಮೆದು ಕುಂಚದಿಂದ ತೆಗೆದು, ಕಬ್ಬಿಣದ ಭಾಗಕ್ಕೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ಬಟ್ಟೆಯಲ್ಲಿ ಸವರಬೇಕು. ಮರದ ಹಿಡಿಗೆ ಮೆರುಗೆಣ್ಣೆ ಹಚ್ಚಬಾರದು, ಸಡಿಲವಾದ ಕಾವಿಗೆ ಹೊಸ ಬೆಣೆ ಹೊಡೆಯಬಾರದು. ಗೆದ್ದಲು ಅಥವಾ ಹುಳು ಹಿಡಿದ ಹಿಡಿಯಿದ್ದರೆ ಆ ಹತಾರವನ್ನು ಉಳಿದವುಗಳಿಂದ ದೂರವಿಟ್ಟು, ಮಳೆಗಾಲದಲ್ಲಿ ಗೋಡೆಗೆ ತಾಗದಂತೆ ಗಾಳಿಯಾಡುವ ಹಲಗೆಯ ಮೇಲೆ ಇರಿಸಬೇಕು.